ಆರನೆಯ ದಿನದ ಗಾಜು

ಚಿಟ್ಟಾದಿಂದ ಟಂಟಂನಲ್ಲಿ ಬಂದ ಕರು.
ವಾನೇರಾ ಮುಖದ ದೇವಣಿ, ಒಂಬತ್ತು ತಿಂಗಳು.
ಕೆಳರೆಪ್ಪೆ ಮಗುಚಿದರೆ ಒಳಗೆ ಸುಣ್ಣ.
"ಉಣ್ಣಿ ಎಲ್ಲಾ ಕುಡದಾವ್ರಿ ಮೇಡಂ,
ಇನ್ನ ರಕ್ತ ಎಲ್ಲಿಂದ ತರ್ಲಿ?" ಅಂದಳು ತುಳಜಾಬಾಯಿ,
ಮುಚ್ಚಿದ ಅಂಗಡಿಯ ಮುಂದೆ ನಿಂತವಳ ಹಾಗೆ.

ಡಾಕ್ಟರು ಎದೆಮೂಳೆಗೆ ಸೂಜಿ ತಿರುವಿದರು.
ಕರು ಒಮ್ಮೆ ಬಾಲ ಆಡಿಸಿತು. ಅಷ್ಟೆ.
ಸಿರಿಂಜಿಗೆ ಬಂದದ್ದು ಎರಡು ಹನಿ, ಜಿಡ್ಡುಜಿಡ್ಡು,
ನಡುವೆ ಸಜ್ಜೆಯ ನುಚ್ಚಿನಂಥ ತರಿ.
ಗಾಜಿನ ಮೇಲೆ ಎಳೆದೆ, ಒಣಗಿಸಿದೆ, ಬಣ್ಣಕ್ಕಿಟ್ಟೆ.
ಹದಿನೆಂಟು ವರ್ಷದಿಂದ ಇದೇ ಕೆಲಸ,
ನಂದಿನಗರದ ಈ ಮೂಲೆ ಕೋಣೆಯಲ್ಲಿ.
ನನ್ನ ಉಗುರಿನ ಸಂದಿಗೆ ಹೋಳಿ ಮುಗಿದೇ ಇಲ್ಲ.

ಮೂಳೆಯೆಂದರೆ ಕಲ್ಲು ಅನ್ನುವವರು
ಬೀದರಿನ ಕಲ್ಲು ನೋಡಿಲ್ಲ.
ಬಾವಿ ತೋಡಿದರೆ ಬರುವ ಕೆಂಪು ಜಂಬುಕಲ್ಲು,
ಮೈಯೆಲ್ಲ ತೂತು, ಜೇನುಹುಟ್ಟಿನಂತೆ;
ಅದರ ಕೆಂಪೂ ಕಬ್ಬಿಣದ್ದೇ.
ನೌಬಾದಿನ ನೆಲದಡಿ ಸುರಂಗದ ನೀರು,
ಮೇಲೆ ನಡೆಯುವವರಿಗೆ ಸದ್ದಿಲ್ಲ,
ಗಾಳಿಬಾವಿಗೆ ಬಗ್ಗಿದರೆ ಮಾತ್ರ ಒಂದು ತಣ್ಣನೆ ಉಸಿರು.

ಎಣ್ಣೆಯ ಹನಿ, ನೂರರ ಮಸೂರ.
ಎಲ್ಲರಿಗೂ ಮೂಲವಾದ ತಾಯಿಯನ್ನು
ನಾನಿನ್ನೂ ನೋಡಿಲ್ಲ. ನೋಡಿದ್ದರೂ ಗುರುತಿಸಿಲ್ಲ;
ಸಂತೆಯಲ್ಲಿ ಸೆರಗು ಹೊದ್ದು ಹೋಗುವ ಯಾರೋ ಒಬ್ಬಳಂತೆ
ಸಣ್ಣಗೆ, ದುಂಡಗೆ ಹಾದುಹೋಗುತ್ತಾಳೆ.
ಹಿರಿಮಗಳು ಗೊತ್ತು: ದೊಡ್ಡವಳು, ಕಡುನೀಲಿ,
ಮೈತುಂಬ ಬೀಜವೇ.
ಒಂದು ಎರಡು, ಎರಡು ನಾಲ್ಕು, ಹದಿನಾರರ ತನಕ
ಒಡೆದೊಡೆದು ಕಿರಿದಾಗಿ,
ನೀಲಿ ಬೂದಿಯಾಗಿ, ಬೂದಿಗೆ ಕೆಂಪೇರಿ,
ಬೀಜ ಬಿಗಿದು ತೊಗರಿ, ಬಿಗಿದು ಸಾಸಿವೆ.
ಕೊನೆಗೊಂದು ದಿನ ಆ ಬೀಜವನ್ನೇ ಹೊರದಬ್ಬಿ
ಬರಿದಾದ ಜಾಗಕ್ಕೆ ಉಸಿರು ತುಂಬಿಕೊಳ್ಳುವುದು.
ನಡುವೆ ಒಬ್ಬ ದಾದಿ, ಒಲೆಯ ಸುತ್ತ ಕೂತಂತೆ ಸುತ್ತಲೂ ಮಕ್ಕಳು;
ಬಿಸುಟ ಬೀಜವನ್ನೆಲ್ಲ ಅವಳೇ ನುಂಗುತ್ತಾಳೆ.

(ಕೋಳಿ ಮಾತ್ರ ಬಿಡುವುದಿಲ್ಲ,
ಸಾಯುವ ತನಕ ಬೀಜ ಹೊತ್ತೇ ತಿರುಗುತ್ತದೆ.
ಯಾಕೆ ಅಂತ ಗಾಜು ತೊಳೆಯುವ ಘಾಳೆಪ್ಪನ ಪ್ರಶ್ನೆ.
ಕೇಳಿ ಎರಡು ವರ್ಷವಾಯಿತು.)

ಅಂಚಿನಲ್ಲೊಬ್ಬ ದೈತ್ಯ,
ತನ್ನ ಮೈಯನ್ನೇ ಚೂರುಚೂರು ಹರಿದು ಹರಿವಿಗೆ ಬಿಡುವವನು.
ಎಲ್ಲೋ ಗಾಯವಾದರೆ ಆ ಚೂರೇ ತೇಪೆ.

ಐದು ದಿನ ತುಳಜಾಬಾಯಿ ವರಾಂಡದಲ್ಲೇ ಮಲಗಿದಳು.
ಆರನೆಯ ಬೆಳಗ್ಗೆ ಕಿವಿಯ ನರದಿಂದ ಒಂದು ಹನಿ.
ನೋಡುತ್ತೇನೆ, ಕೆಂಪು ಬಿಲ್ಲೆಗಳ ಮೇಲೆ
ಹೊಸ ಸ್ಟೀಲ್ ಪಾತ್ರೆಗೆ ಹೆಸರು ಹಾಕುತ್ತಾರಲ್ಲ,
ಹಾಗೆ ಚುಕ್ಕಿಚುಕ್ಕಿ, ನೀಲಿ.
ಅವಸರದಲ್ಲಿ ಅರೆಬೆಂದೇ ಹೊರಟುಬಂದವು.
ಕುದುರೆಯಾಗಿದ್ದರೆ ಈ ಸುಳಿವೂ ಇರುತ್ತಿರಲಿಲ್ಲ;
ಅದರ ಮೂಳೆ ಬಾಯಿ ಬಿಡುವುದಿಲ್ಲ.

ಕರೆದು ತೋರಿಸಿದೆ.
ಮೊದಲು ಕಂಡದ್ದು ಅವಳದೇ ರೆಪ್ಪೆಗೂದಲು.
ಆಮೇಲೆ, "ಇವೇನ್ರಿ, ಹಿಟ್ಟಿನಾಗ ಹುಳ ಬಿದ್ದಂಗ?"
ಹೊಸ ರಕ್ತ ಅಂದೆ.
"ಒಂದು ತಯಾರಾಗಾಕ ಎಷ್ಟು ದಿನ?"
ಐದಾರು.
"ಬಾಳೋದು?"
ಐದು ತಿಂಗಳು.
ಬೆರಳು ಮಡಚಿದಳು. "ಅಂದ್ರ ದೀಪಾವಳಿ ತನಕ. ಆಮ್ಯಾಲ?"
ಮತ್ತೆ ಹೊಸವು.
"ಹಂಗಾರ ರೊಟ್ಟಿ ಇದ್ದಂಗೇ ಅದ.
ದಿನಾ ಬಡೀಬೇಕು."

ಹೊರಗೆ ಹೋಗಿ ಕರುವಿನ ರೆಪ್ಪೆ ಮಗುಚಿದಳು.
"ಇನ್ನಾ ಬೆಳ್ಳಗೇ ಅದರಿ."
ಹೌದು, ಬೆಳ್ಳಗೇ ಇತ್ತು.
ಅವಳ ಹೆಬ್ಬೆರಳು ಅಲ್ಲೇ ನಿಂತಿತ್ತು,
ಕರು ಅವಳ ಸೆರಗು ಜಗಿಯತೊಡಗಿತ್ತು.